ಕೋವಿಗೊಂದು ದುರ್ಬೀನು

ಎಪ್ಪತ್ತು ದಾಟಿದ ಗಂಡಸರಿಗೆ ಇದ್ದಕ್ಕಿದ್ದಂತೆ ಒಂದು ಹೊಸ ಆಸೆ ಹುಟ್ಟುವುದುಂಟು. ಕೆಲವರು ಕಾಶಿಗೆ ಹೊರಡುತ್ತಾರೆ. ಕೆಲವರು ಮನೆ ಮುಂದಿನ ಚರಂಡಿಯ ಬಗ್ಗೆ ಪಂಚಾಯ್ತಿಗೆ ಅರ್ಜಿ ಬರೆಯಲು ಕೂರುತ್ತಾರೆ. ಕಂಪ್ಲಿ ಕಡೆಯ ನನ್ನ ಸೋದರಮಾವನಿಗೆ ಹುಟ್ಟಿದ್ದು ಕೋವಿಗೆ ದುರ್ಬೀನು ಹಾಕಿಸುವ ಆಸೆ. ಮೊಮ್ಮಗನ ಮೊಬೈಲಿನಲ್ಲಿ ಯಾವುದೋ ದೇಶದ ರೈತನೊಬ್ಬ ಜೀಪಿನ ಮೇಲೆ ಕೂತು, ಕಗ್ಗತ್ತಲಲ್ಲಿ ನರಿ ಹೊಡೆಯುವುದನ್ನು ನೋಡಿದಾಗಿನಿಂದ ಮಾವನಿಗೆ ನಿದ್ದೆ ಇಲ್ಲ. ಮೊದಲೂ ಇರಲಿಲ್ಲ ಅನ್ನಿ. ಈಗ ಅದಕ್ಕೊಂದು ಕಾರಣ ಸಿಕ್ಕಿತು.

“ಅಳಿಯಾ, ನೀ ಓದಿದಾವ. ಯಾವುದು ಚಲೋ ಐತಿ ನೋಡಿ ಹೇಳು. ರೊಕ್ಕದ ಚಿಂತಿ ಮಾಡಬ್ಯಾಡ” ಎಂದು ಫೋನಿನಲ್ಲಿ ಅಪ್ಪಣೆಯಾಯಿತು. ರೊಕ್ಕದ ಚಿಂತೆ ಬೇಡ ಎಂಬ ಮಾತು ಮಾವನ ಬಾಯಲ್ಲಿ ಬಂದದ್ದು ಅದೇ ಮೊದಲು.

ಮಾವನ ಕೋವಿಯನ್ನು ನೀವು ನೋಡಬೇಕು. ಬೆಳೆ ರಕ್ಷಣೆಗೆಂದು ಅವರಪ್ಪನ ಕಾಲದಲ್ಲಿ ಲೈಸೆನ್ಸು ಸಿಕ್ಕ ಕೇಪಿನ ಕೋವಿ ಅದು. ಮೂತಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಹಾಕಿ, ಮತ್ತೆ ನಾರು ತುರುಕಿ, ಕೊನೆಗೆ ಕೇಪು ಕೂರಿಸಬೇಕು. ಅಷ್ಟರಲ್ಲಿ ನರಿ ಕಬ್ಬು ತಿಂದು, ಕಾಲುವೆ ದಾಟಿ, ಗುಡ್ಡ ಸೇರಿ ಸಂಸಾರದೊಂದಿಗೆ ಕೂಗಲು ಶುರುಮಾಡಿರುತ್ತದೆ. ನರಿ ಕೂಗು ಗಿರಿ ಮುಟ್ಟೀತೇ ಎಂದು ಗಾದೆ ಕಟ್ಟಿದವರು ನಮ್ಮ ಕಡೆಯವರಲ್ಲ. ಇಲ್ಲಿ ಹೊಲ ಮುಗಿದಲ್ಲಿಂದಲೇ ಗಿರಿ ಶುರು. ನಳಿಗೆಯ ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದ ಮೂರು ಸೆಲ್ಲಿನ ಬ್ಯಾಟರಿಯೇ ಈವರೆಗೆ ಮಾವನ ರಾತ್ರಿಗಣ್ಣು. ಚುನಾವಣೆ ಬಂತೆಂದರೆ ಕೋವಿ ಠಾಣೆಯಲ್ಲಿ ಠೇವಣಿ. ಲೋಕಸಭೆ, ವಿಧಾನಸಭೆ, ಪಂಚಾಯ್ತಿ ಎಂದು ನೀತಿಸಂಹಿತೆ ಮೇಲಿಂದ ಮೇಲೆ ಬರುತ್ತದೆ, ಹಂದಿ ನರಿಗಳಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಹೀಗಾಗಿ ಮಾವನ ಕೋವಿ ಹೊಲಕ್ಕಿಂತ ಹೆಚ್ಚಾಗಿ ಪ್ರಜಾಪ್ರಭುತ್ವವನ್ನು ಕಾದಿದೆ.

ಅಪ್ಪಣೆಯಾದ ಮೇಲೆ ನಾನು ಹುಡುಕಲು ಕೂತೆ. ದುರ್ಬೀನಿನ ಮೇಲೆ 8×56 ಎಂದು ಬರೆದಿದ್ದರೆ ಅದು ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 56 ಮಿಲಿಮೀಟರ್ ಎಂದರ್ಥ. 56ನ್ನು ಎಂಟರಿಂದ ಭಾಗಿಸಿದರೆ ಬರುವ 7 ಮಿಲಿಮೀಟರ್ ಅಗಲದ ಬೆಳಕು ನೋಡುವವನ ಕಣ್ಣಿಗೆ ಬಂದು ಬೀಳುತ್ತದೆ. ಕತ್ತಲಲ್ಲಿ ಹರೆಯದವರ ಪಾಪೆ ಹೆಚ್ಚು ಕಡಿಮೆ ಅಷ್ಟೇ ಅಗಲ ತೆರೆಯುವುದರಿಂದ ಈ ಲೆಕ್ಕ. ಆದರೆ ವಯಸ್ಸಾದಂತೆ ಪಾಪೆ ತೆರೆಯುವುದು ಕಡಿಮೆಯಾಗುತ್ತದೆ. ಎಪ್ಪತ್ತು ದಾಟಿದ ಬಹುಮಂದಿಗೆ 5ರ ಆಸುಪಾಸಿಗೆ ನಿಂತುಬಿಡುತ್ತದೆ. ಜರ್ಮನಿಯವರು ಎಷ್ಟೇ ಚೊಕ್ಕವಾಗಿ ಗಾಜು ಅರೆದಿರಲಿ, ಮಿಕ್ಕ ಬೆಳಕು ಕಣ್ಣಿನ ಹೊಸಿಲಲ್ಲೇ ಉಳಿಯುತ್ತದೆ. ಇದನ್ನು ಮಾವನಿಗೆ ಹೇಗೆ ಹೇಳುವುದೆಂದು ತಡವರಿಸುತ್ತಾ ಹೇಳಿದೆ. “ಅಂದ್ರ ಬೆಳಕು ಐತಿ, ಒಳಗ ಬರಾಕ ಬಾಗಿಲ ಸಣ್ಣದು ಆಗೈತಿ” ಎಂದು ಮಾವ ತಾನೇ ಸರಿಪಡಿಸಿಕೊಂಡ. ಸ್ವಲ್ಪ ಹೊತ್ತು ಫೋನಿನಲ್ಲಿ ಮಾತಿರಲಿಲ್ಲ. ಆಮೇಲೆ, “ಇನ್ನೊಂದು ನಮೂನಿ ಐತಂತಲ್ಲ, ಬೆಳಕೇ ಬ್ಯಾಡಂತ?”

ಇತ್ತು. ಮೈಯ ಶಾಖವನ್ನೇ ಚಿತ್ರ ಮಾಡಿ ತೋರಿಸುವ ಥರ್ಮಲ್ ದುರ್ಬೀನು. ತಣ್ಣನೆಯ ಹೊಲ ಕಪ್ಪಗೆ, ಬಿಸಿರಕ್ತದ ನರಿ ಬೆಳ್ಳಗೆ. ಆದರೆ ಅದನ್ನು ಮಾಡಿದವರು ಹಂಪಿಯ ಬಂಡೆಗಳನ್ನು ನೋಡಿದವರಲ್ಲ. ಏಪ್ರಿಲ್ ತಿಂಗಳ ಹೊಸಪೇಟೆಯ ಬಿಸಿಲನ್ನು ಹಗಲೆಲ್ಲ ಕುಡಿದ ಕಲ್ಲು ಅದನ್ನು ಸರಿರಾತ್ರಿಯವರೆಗೆ ಉಗುಳುತ್ತಲೇ ಇರುತ್ತದೆ. ಚಾಪೆ ಹಾಕಿ ಮಲಗಿದವರಿಗೆ ಗೊತ್ತು. ಆ ದುರ್ಬೀನಿನಲ್ಲಿ ಮತಂಗ ಪರ್ವತವೂ, ಹೇಮಕೂಟವೂ, ಮಾವನ ಹೊಲದ ಬದುವಿನ ಗುಂಡುಗಳೂ ಜೀವಂತ ಪ್ರಾಣಿಗಳ ಹಾಗೆ ಬೆಳ್ಳಗೆ ಕಾಣುತ್ತವೆ. ನರಿ ಯಾವುದು, ಕಲ್ಲು ಯಾವುದು? “ಹೊಡದ್ರ ಕಲ್ಲಿಗೆ ಬೀಳ್ತೈತಿ. ಹಂಪಿ ಕಲ್ಲಿಗೆ ಹೊಡದ್ರ ಪುರಾತತ್ವದವರು ಬಿಡಂಗಿಲ್ಲ” ಎಂದು ಮಾವ ನಕ್ಕ.

ನರಿಗೆ ಹೊಡೆದರೆ ಅರಣ್ಯ ಇಲಾಖೆಯವರೂ ಬಿಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಇವತ್ತು ನರಿಯನ್ನೂ ಕಾಯುತ್ತದೆ. ಮಾವನಿಗೆ ಇದು ಗೊತ್ತು. ಅದಲ್ಲದೆ ಬೆಳಿಗ್ಗೆ ನರಿಯ ಮುಖ ನೋಡಿದರೆ ಅದೃಷ್ಟ ಎಂದು ನಂಬಿದ ಪೈಕಿ ಅವನು. ಅದೃಷ್ಟವನ್ನು ಹೊಡೆಯಲು ದುರ್ಬೀನು ಯಾಕೆ ಎಂದು ಕೇಳಿದರೆ, “ನೀ ಬರೀ ರೇಟು ಕೇಳು” ಎನ್ನುತ್ತಾನೆ.

ಅವನ ಆಸೆ ಸ್ವಲ್ಪವಾದರೂ ತಣಿಯಲಿ ಎಂದು ಒಂದು ಮಧ್ಯಾಹ್ನ ದರೋಜಿಗೆ ಕರೆದುಕೊಂಡು ಹೋದೆ. 1994ರಲ್ಲಿ ಕರಡಿಧಾಮವಾದ ಜಾಗ ಅದು. ಕಾವಲಿನವರು ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ, ಹೊತ್ತು ಇಳಿಯುತ್ತಲೇ ಕರಡಿಗಳು ಬಂದು ನೆಕ್ಕುತ್ತವೆ. ಗೋಪುರದ ಮೇಲೆ ಎರವಲು ದುರ್ಬೀನು ಕಣ್ಣಿಗೊತ್ತಿಕೊಂಡು ಮಾವ ಬಹಳ ಹೊತ್ತು ನೋಡಿದ. ಮರಿಯೊಂದು ತಾಯಿಯ ಬೆನ್ನಿನ ಮೇಲೆ ಕೂತು ಬಂದದ್ದನ್ನು ಕಂಡು ಪಕ್ಕದಲ್ಲಿದ್ದ ಅಪರಿಚಿತರನ್ನೂ ಕರೆದು ತೋರಿಸಿದ. ಇಳಿಯುವಾಗ ಮಾತ್ರ, “ಸರ್ಕಾರ ಕರಡಿಗೆ ಪುಕ್ಕಟೆ ಬೆಲ್ಲ ಕೊಡ್ತೈತಿ, ನಮ್ಮ ಕಬ್ಬಿಗೆ ರೇಟು ಕೊಡಾಕ ಅಳ್ತೈತಿ” ಎಂದ.

ನಮ್ಮ ಸೀಮೆಯ ಬೇಟೆಯೇ ಹಾಗೆ, ಹೊರಟದ್ದೊಂದು ಆದದ್ದೊಂದು. ಹರಿಹರ ಬುಕ್ಕರ ನಾಯಿಗಳು ಮೊಲವನ್ನು ಅಟ್ಟಿದವು, ಮೊಲವೇ ತಿರುಗಿ ನಿಂತಿತು, ಮೊಲ ಸಿಗಲಿಲ್ಲ, ರಾಜಧಾನಿ ಸಿಕ್ಕಿತು ಎನ್ನುತ್ತದೆ ಐತಿಹ್ಯ. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಾಡಿಗೆ ಹೋಗಿದ್ದು ಕ್ಯಾಮೆರಾ ಹಿಡಿದು. ಅವರ ಕಪ್ಪುಬಿಳುಪು ಚಿತ್ರಗಳಲ್ಲಿ ಪ್ರಾಣಿಗಳು ಇನ್ನೂ ನಮ್ಮತ್ತ ನೋಡುತ್ತಿವೆ.

ಹೋದ ಸುಗ್ಗಿಯಲ್ಲಿ ಮಾವನ ಜೊತೆ ಮಂಚಿಕೆಯ ಮೇಲೆ ರಾತ್ರಿ ಕಳೆದೆ. ಎರಡನೇ ಜಾವದಲ್ಲಿ ಬದುವಿನ ಮೇಲೆ ಸರಕ್ಕೆಂದಿತು. ಮಾವ ಕೋವಿ ಎತ್ತಿ ಬ್ಯಾಟರಿ ಬಿಟ್ಟ. ಎರಡು ಕಣ್ಣು ಫಳ್ಳೆಂದವು. ಕುದುರೆ ಎಳೆಯಬೇಕಾದ ಬೆರಳು ನಳಿಗೆಯ ಮೇಲೆ ಸುಮ್ಮನೆ ಮಲಗಿತ್ತು. “ಎಡಗಿವಿ ಹರದೈತಿ ನೋಡು. ಹೋದ ವರ್ಷ ಬಂದಿದ್ದು ಇದೇ. ಸೊರಗೈತಿ” ಎಂದು ಪಿಸುಗುಟ್ಟಿದ. ಆಮೇಲೆ, “ಪಾಪ, ಕಣ್ಣಿಗೆ ಹೊಡಿತೈತಿ” ಎಂದು ಬ್ಯಾಟರಿ ಆರಿಸಿದ. ಕತ್ತಲಲ್ಲಿ ನರಿ ಕಬ್ಬು ಮುರಿಯುವ ಸದ್ದು ಕೇಳುತ್ತಾ ಇಬ್ಬರೂ ಕೂತೆವು. ಹರಿದ ಕಿವಿ ಈಗ ಮಸುಕಾಗಿ ಕಾಣುತ್ತದೆ, ಮುಂದಿನ ವರ್ಷ ಕಾಣದೇ ಹೋದೀತು ಎಂಬುದೇ ಅವನ ಚಿಂತೆ ಎಂದು ನನಗೆ ಆಗ ಹೊಳೆಯಿತು.

ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಮಾವನಿಗೆ ರಾತ್ರಿ ಮಾತಿಗೆ ಯಾರೂ ಇಲ್ಲ. ಮಗ ಸೊಸೆ ಒಳ್ಳೆಯವರೇ, ಬೇಗ ಮಲಗುತ್ತಾರೆ. ಕಬ್ಬು ಕಟಾವಾಗಿ ಗದ್ದೆ ಬಟ್ಟಬಯಲಾದ ಮೇಲೂ ಮಾವ ಕಂಬಳಿ ಹೊದ್ದು ಕಾವಲಿಗೆ ಹೋಗುತ್ತಾನೆ. ಏನು ಕಾಯುತ್ತೀ ಎಂದು ಊರಲ್ಲಿ ಯಾರೂ ಕೇಳುವುದಿಲ್ಲ.

ದೀಪಾವಳಿಯ ರಿಯಾಯಿತಿ ಶುರುವಾಗುತ್ತಲೇ ಫೋನು ಬರುತ್ತದೆ. “ರೇಟು ಇಳೀತೇನ್ ಅಳಿಯಾ?”

“ಇಳಿದೈತಿ ಮಾವ. ಆದ್ರ ಬರೋ ವರ್ಷ ಇನ್ನೂ ಚಲೋದು ಬರ್ತೈತಂತ.”

“ಹಂಗಾರ ಕಾಯೋಣ ಬಿಡು” ಎನ್ನುತ್ತಾನೆ ಎಪ್ಪತ್ತಾರರ ಮಾವ. “ನಮಗೇನು ಅವಸರ?”