ಅಬ್ಬೆತುಮಕೂರಿನಿಂದ ಬೋನಾಳದ ಕೆರೆಯವರೆಗೆ

ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠಕ್ಕೆ ಬರುವ ಯಾತ್ರಿಕರಲ್ಲಿ ಬಹುಮಂದಿ ದರ್ಶನ ಪ್ರಸಾದಗಳು ಮುಗಿದೊಡನೆ ಯಾದಗಿರಿಯ ರೈಲುನಿಲ್ದಾಣಕ್ಕೆ ಧಾವಿಸುವರು. ಎರಡು ದಿನಗಳ ಬಿಡುವುಳ್ಳವರು ಹಾಗೆ ಮಾಡದೆ, ಪಶ್ಚಿಮಕ್ಕೆ ತಿರುಗಿ ಶಹಾಪುರ ಸುರಪುರಗಳ ದಾರಿಯನ್ನು ಹಿಡಿಯುವುದು ಲೇಸು. ನೂರು ಕಿಲೋಮೀಟರೂ ಇಲ್ಲದ ಈ ಹಾದಿಯನ್ನು ಮೋಟಾರು ಒಂದೇ ಉಸಿರಿನಲ್ಲಿ ಮುಗಿಸೀತು. ಹಾಗೆ ಮುಗಿಸಿದವರಿಗೆ ಧೂಳಲ್ಲದೆ ಬೇರೇನೂ ದೊರೆಯದು.

ಯಾದಗಿರಿಯ ಬೆಟ್ಟದ ಕೋಟೆಯನ್ನು ಬೆಳಗಿನ ತಂಪಿನಲ್ಲಿಯೇ ಹತ್ತಿ ಇಳಿಯತಕ್ಕದ್ದು. ಬಿಸಿಲೇರಿದರೆ ಬಂಡೆಗಳು ಕಾದ ಹಂಚಿನಂತಾಗುವುವು. ಭೀಮಾನದಿಯನ್ನು ದಾಟಿದ ಮೇಲೆ ಸಗರನಾಡು. ಮಳೆಯನ್ನೇ ನೆಚ್ಚಿ ಜೋಳ ತೊಗರಿಗಳನ್ನು ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಈಗ ನಾರಾಯಣಪುರದ ಎಡದಂಡೆ ಕಾಲುವೆಯ ದೆಸೆಯಿಂದ ಭತ್ತದ ಹಸುರು ಹಬ್ಬಿದೆ. ಶಹಾಪುರದ ಗುಡ್ಡಗಳಲ್ಲಿ ಮಲಗಿದ ಬುದ್ಧನ ಆಕೃತಿಯು ದೂರದಿಂದ ತೋರುವುದು. ಸಮೀಪಿಸಿದವರಿಗೆ ಕಾಣುವುದು ಬರಿಯ ಕಲ್ಲುಗುಡ್ಡ. ಸನಿಹದ ವಿಭೂತಿಹಳ್ಳಿಯ ಬಯಲಿನಲ್ಲಿ ಇತಿಹಾಸಪೂರ್ವಕಾಲದ ಜನರು ಸಾಲುಸಾಲಾಗಿ ಇಟ್ಟುಹೋದ ದುಂಡುಗಲ್ಲುಗಳಿವೆ. ಅರ್ಥವನ್ನು ಹೇಳಬಲ್ಲವರು ಯಾರೂ ಉಳಿದಿಲ್ಲ.

ಸುರಪುರವನ್ನು ಸೇರಿದವರನ್ನು ಊರಿನವರು ಮೊದಲು ಕರೆದೊಯ್ಯುವುದು ಗುಡ್ಡದ ಮೇಲಣ ಟೇಲರ್ ಮಂಜಿಲಿಗೆ. 1841ರಿಂದ 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರನು ಕಟ್ಟಿಸಿದ ಬಂಗಲೆಯದು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನು ಈ ಆಂಗ್ಲನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನು. ಅದೇ ಬಾಲಕನು ಪ್ರಾಯಕ್ಕೆ ಬಂದು 1858ರಲ್ಲಿ ಆಂಗ್ಲರ ದಂಡಿನ ಮೇಲೆ ಎದ್ದನು. ಮರಣದಂಡನೆಯನ್ನು ತಗ್ಗಿಸಿ, ಕಡೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ವಿಧಿಸಿದರು. ಅಲ್ಲಿಗೆ ಒಯ್ಯುತ್ತಿರುವಾಗ ದಾರಿಯಲ್ಲಿ ಗುಂಡು ತಗುಲಿ ಅವನು ತೀರಿಕೊಂಡನು. ಇನ್ನೂ ಇಪ್ಪತ್ತೈದು ತುಂಬದ ವಯಸ್ಸು.

1877ರಲ್ಲಿ ಪ್ರಕಟವಾದ ಟೇಲರನ ಆತ್ಮಚರಿತ್ರೆಯಲ್ಲಿ ಈ ಭಾಗವನ್ನು ಓದಿದವರ ಕಣ್ಣು ನೆನೆಯದೆ ಇರದು. ಆತನ ಶೋಕವು ಕೃತ್ರಿಮವಲ್ಲ. ಆದರೂ ಆ ಬಂಗಲೆಯ ಕಿಟಕಿಯಿಂದ ನೋಡಿದರೆ ನಾಯಕನು ದಾರಿತಪ್ಪಿದ ಮಗನಾಗಿಯೇ ತೋರುವನು. ನಾಡವರಿಗಾದರೋ ಅವನು ರಣಕ್ಕಿಳಿದ ದೊರೆ. ಹತ್ತಿರದ ವಾಗಿಣಗೇರಿಯ ಕೋಟೆಯನ್ನು ಕಂಡುಬಂದವರಿಗೆ ನಾಡವರ ಮಾತು ಸುಲಭವಾಗಿ ತಿಳಿಯುವುದು. 1705ರಲ್ಲಿ ಎಂಬತ್ತಾರರ ಮುಪ್ಪಿನ ಔರಂಗಜೇಬನು ತಾನೇ ದಂಡೆತ್ತಿ ಬಂದು ಈ ಕೋಟೆಯನ್ನು ಮುತ್ತಿದನು. ತಿಂಗಳುಗಳ ಬಳಿಕ ಕೋಟೆಯೇನೋ ಸಿಕ್ಕಿತು, ಇರುಳಿನಲ್ಲಿ ಜಾರಿಹೋದ ನಾಯಕನು ಸಿಕ್ಕಲಿಲ್ಲ. ಅಂಥ ಮನೆತನದ ಕುಡಿಗೆ ಪ್ರೀತಿಯ ಪಾಲನೆಯೊಂದೇ ಸಾಕಾದೀತೆ? ಟೇಲರನಂಥ ಬುದ್ಧಿವಂತನಿಗೂ ಇದು ಹೊಳೆಯದೆ ಹೋದದ್ದು ಆಶ್ಚರ್ಯ.

ಎರಡನೆಯ ದಿನದ ಸಂಜೆಯನ್ನು ಬೋನಾಳದ ಕೆರೆಗೇ ಮೀಸಲಿಡಬೇಕು. ಹದಿನೇಳನೆಯ ಶತಮಾನದಲ್ಲಿ ಸುರಪುರದ ನಾಯಕರು ಕಟ್ಟಿಸಿದ ಈ ಕೆರೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರಿಂದ ಸುಧಾರಣೆ ಹೊಂದಿತು. ಏರಿಯ ಮಣ್ಣಿನಲ್ಲಿ ಯಾರ ಪಾಲು ಎಷ್ಟೆಂದು ಬೇರ್ಪಡಿಸುವುದು ಯಾರಿಗೂ ಸಾಧ್ಯವಿಲ್ಲ. ಈಗದು ಪಕ್ಷಿಧಾಮ. ಹೊತ್ತು ಇಳಿಯುತ್ತಲೇ ಕೆನ್ನೀಲಿ ಬಕಗಳು ಒಂದೊಂದಾಗಿ ಬಂದು ಕಾಲುಗಳನ್ನು ಇಳಿಬಿಟ್ಟು ಜೊಂಡಿನೊಳಗೆ ಮರೆಯಾಗುವುವು. ಚಳಿಗಾಲದಲ್ಲಿ ಬಂದವರು ಮೋಟಾರನ್ನು ದೂರದಲ್ಲಿಯೇ ನಿಲ್ಲಿಸಿ ಏರಿಯವರೆಗೆ ನಡೆದುಹೋಗುವುದು ಒಳ್ಳೆಯದು. ಕಹಳೆಯ ಸದ್ದಿಗೆ ಇಡಿಯ ಹಿಂಡು ಎದ್ದು ಹೋಗುವುದುಂಟು.