ಒಂದು ಗೋಲು, ಒಂದು ಮಳೆ

ಇವತ್ತು ಸೊಪ್ಪಿನ ಮಡಿ ಮಾತು ಕಡಿಮೆ, ಫುಟ್‌ಬಾಲ್ ಮಾತು ಜಾಸ್ತಿ. ಬೈಕೋಬೇಡಿ.

ಶನಿವಾರ, 2024ರ ಸೆಪ್ಟೆಂಬರ್ 14, ಮಗ ಬಲವಂತ ಮಾಡಿ ಕಂಠೀರವ ಸ್ಟೇಡಿಯಂಗೆ ಕರ್ಕೊಂಡು ಹೋದ. ಐಎಸ್‌ಎಲ್‌ನಲ್ಲಿ ಬೆಂಗಳೂರು ಎಫ್‌ಸಿಗೆ ಆ ಸಲದ ಮೊದಲ ಪಂದ್ಯ, ಎದುರಿಗೆ ಈಸ್ಟ್ ಬೆಂಗಾಲ್. 25ನೇ ನಿಮಿಷಕ್ಕೆ ವಿನೀತ್ ವೆಂಕಟೇಶ್ ಗೋಲು ಹೊಡೆದ. ಬೆಂಗಳೂರಿನ ಹುಡುಗನೇ, ಆಗ ವಯಸ್ಸು 19. ಆಮೇಲೆ ಯಾರದೂ ಗೋಲಿಲ್ಲ. 1-0.

ವಾಪಸ್ ಬರ್ತಾ ಮೆಟ್ರೋದಲ್ಲಿ ಹುಡುಗರದೇ ಪಂಚಾಯ್ತಿ. "ಗೆದ್ವಲ್ಲ, ಸಾಕು ಬಿಡೋ" ಅಂತ ಒಬ್ಬ. "ಹೋದ ಸಲ ಹತ್ತನೇ ಜಾಗ, ಮರೆತ್ಯಾ? ಇನ್ನೊಂದು ಹೊಡೀಬೇಕಿತ್ತು" ಅಂತ ಇನ್ನೊಬ್ಬ. ಮಗ ನನ್ನ ಕಡೆ ತಿರುಗಿ, "ನೀನೇನಂತೀಯಪ್ಪಾ?" ಅಂದ.

"ಮೊದಲ ಮಳೆಗೇ ಯಾರೂ ಕಣ ಸಾರಿಸೋಕೆ ಹೋಗಲ್ಲ. ಹಂಗಂತ ಬಂದ ಹದ ಬಿಡೋದೂ ಇಲ್ಲ. ಒಂದೇ ಗೋಲು ಇಟ್ಕೊಂಡು ಒಂದು ಗಂಟೆ ಮೇಲೆ ಕಾವಲು ಕಾದ್ರಲ್ಲ, ಅದು ದೊಡ್ಡದು" ಅಂದೆ.

ದೊಡ್ಡನೆಕ್ಕುಂದೀಲಿ ಸುತ್ತಾ ಅಪಾರ್ಟ್‌ಮೆಂಟು, ನಮಗೆ ಉಳಿದಿರೋದು ಕೆಲವೇ ಗುಂಟೆ. ಮಗ ಆ ಕಡೆ ಕಾಲಿಟ್ಟು ವರ್ಷ ಆಗಿತ್ತು. ಭಾನುವಾರ ಬೆಳಗ್ಗೆ ಕರೀದೇನೇ ಬಂದು ದಂಟಿನ ಸೊಪ್ಪಿಗೆ ನೀರು ಕಟ್ಟಿದ.

ನನಗೂ 1-0 ಅಂದ್ಕೊಂಡೆ. ಸೀಸನ್ ಇನ್ನೂ ಉದ್ದ ಇದೆ.