ರುಚಿ ನೋಡದ ಅಡುಗೆ

ಇಂಗ್ಲಿಷರ ಭಾಷೆಯಲ್ಲಿ ದನಕ್ಕೆ ಎರಡು ಹೆಸರು. ಹುಲ್ಲುಗಾವಲಿನಲ್ಲಿ ಮೇಯುವಾಗ ಅದು 'ಕೌ'. ಮೇಜಿನ ಮೇಲೆ ತಟ್ಟೆಯಲ್ಲಿ ಬಂದು ಕುಳಿತಾಗ ಅದೇ 'ಬೀಫ್'. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದವರು ಉಣ್ಣುವ ದೊರೆಗಳಾದರು, ಸೋತವರು ಮೇಯಿಸುವ ಆಳುಗಳಾದರು; ಆದುದರಿಂದಲೇ ಕೊಟ್ಟಿಗೆಯ ಮಾತು ಇಂಗ್ಲಿಷಿನದು, ಊಟದ ಮಾತು ಫ್ರೆಂಚಿನಿಂದ ಬಂದದ್ದು ಎಂಬ ಅರ್ಥದ ಮಾತನ್ನು ಸರ್ ವಾಲ್ಟರ್ ಸ್ಕಾಟ್ ತನ್ನ 'ಐವನ್‌ಹೋ' ಕಾದಂಬರಿಯಲ್ಲಿ ಒಬ್ಬ ವಿದೂಷಕನ ಬಾಯಿಂದ ಹೇಳಿಸುತ್ತಾನೆ. ಭಾಷಾಶಾಸ್ತ್ರ ಓದಿದವರಿಗೆ ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿಯೊಂದುಂಟು. 'ಕೌ', 'ಬೀಫ್', ಸಂಸ್ಕೃತದ 'ಗೋ' ಈ ಮೂರೂ ಒಂದೇ ಪ್ರಾಚೀನ ಮೂಲದಿಂದ ಒಡೆದು ಬಂದ ಶಬ್ದಗಳು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಕೊಟ್ಟಿಗೆಯಲ್ಲಿ ಉಳಿದ, ಒಬ್ಬ ಒಲೆಯ ಪಾಲಾದ, ಇನ್ನೊಬ್ಬ ಪೂಜೆಗೆ ಸಂದ. ತರಗತಿಯಲ್ಲಿ ಈ ಮಾತನ್ನು ಹೇಳಿ ವಿದ್ಯಾರ್ಥಿಗಳನ್ನು ಎಷ್ಟೋ ಸಲ ನಗಿಸಿದ್ದೇನೆ. ಆದರೆ ಈ ಮೂವರು ದಾಯಾದಿಗಳನ್ನೂ ಒಂದೇ ಅಡುಗೆಮನೆಯಲ್ಲಿ ಕಾಣುವ ಯೋಗ ಕೂಡಿಬಂದದ್ದು 2023ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಲೀಡ್ಸ್ ನಗರದಲ್ಲಿರುವ ನನ್ನ ತಂಗಿಯ ಮನೆಯಲ್ಲಿ.

ಗೋಮಾಂಸವೆಂಬುದು ನಮ್ಮಲ್ಲಿ ಊಟದ ಮಾತಾಗಿ ಉಳಿಯದೆ ವ್ಯಾಜ್ಯದ ಮಾತಾಗಿ ಬಹುಕಾಲವಾಯಿತು. ಯಾರು ತಿನ್ನಬೇಕು, ಯಾರು ತಿನ್ನಬಾರದು ಎಂಬ ತೀರ್ಪನ್ನು ಇಲ್ಲಿ ಹುಡುಕುವ ಓದುಗರು ನಿರಾಶರಾಗಬೇಕಾದೀತು. ನಾನು ತಿನ್ನುವವನಲ್ಲ, ನನ್ನ ತಂಗಿಯೂ ತಿನ್ನುವವಳಲ್ಲ. ಅದನ್ನು ಉಂಡು ಬೆಳೆದ ಮನೆಗಳಿಂದ ಬಂದ ವಿದ್ಯಾರ್ಥಿಗಳು ನನ್ನ ತರಗತಿಯ ಮುಂದಿನ ಬೆಂಚಿನಲ್ಲಿಯೇ ಕುಳಿತಿರುತ್ತಾರೆ, ಚೆನ್ನಾಗಿಯೂ ಓದುತ್ತಾರೆ. ತಿನ್ನದವಳೊಬ್ಬಳು ತಿನ್ನುವವರಿಗಾಗಿ ಅದನ್ನು ಹದವರಿತು ಬೇಯಿಸಿದ ಬಗೆ, ಇಷ್ಟೇ ನನ್ನ ವಿಷಯ.

ನನ್ನ ತಂಗಿಯ ಗಂಡ ಯಾರ್ಕ್‌ಷೈರಿನವನು. ಅವನ ತಾಯಿ ಹಿಂದಿನ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಆ ದೇಶದಲ್ಲಿ ಭಾನುವಾರ ಮಧ್ಯಾಹ್ನದ ಊಟವೆಂದರೆ ನಮ್ಮ ಹಬ್ಬದೂಟಕ್ಕೆ ಸಮ. ಬೆಳಿಗ್ಗೆ ಮಾಂಸವನ್ನು ಓವನ್ನಿನಲ್ಲಿಟ್ಟು ಚರ್ಚಿಗೆ ಹೋದರೆ ಹಿಂದಿರುಗುವ ಹೊತ್ತಿಗೆ ಬೆಂದಿರುತ್ತಿತ್ತೆಂದು ಹಿರಿಯರು ಹೇಳುವುದುಂಟು. ದನದ ಪಕ್ಕೆಲುಬಿನ ಭಾಗವನ್ನು ಎಲುಬು ಸಹಿತ ಇಡಿಯಾಗಿ ಬೇಯಿಸುವುದು ಆ ಊಟಗಳಲ್ಲಿ ರಾಜಭೋಜನ. ಫ್ರೆಂಚರು ಇಂಗ್ಲಿಷರನ್ನು 'ರೋಸ್‌ಬಿಫ್' ಎಂದೇ ಹಂಗಿಸುತ್ತಾರಂತೆ. ತಂಗಿಯ ಅತ್ತೆ ವರ್ಷಕ್ಕೆ ನಾಲ್ಕಾರು ಭಾನುವಾರ ಅದನ್ನು ಮಾಡುತ್ತಿದ್ದರು. ಆಕೆ ಹೋದ ಮೇಲೆ ಮಾವ ಮಗನ ಮನೆಗೆ ಬರುತ್ತಿದ್ದರು, ಹಾಕಿದ್ದನ್ನು ತಿನ್ನುತ್ತಿದ್ದರು, ಹೋಗುತ್ತಿದ್ದರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಅವರಿಗೆ ಮೊದಲೇ ಮಾತು ಕಡಿಮೆ.

ವರ್ಷ ತುಂಬುವ ವಾರ ಹತ್ತಿರವಾದಾಗ ತಂಗಿ ತಾನೇ ಅದನ್ನು ಮಾಡುವೆನೆಂದು ನಿಶ್ಚಯಿಸಿದಳು. ಆ ಊರಿನ ಹೋಟೆಲುಗಳಲ್ಲಿ ಭಾನುವಾರ ಇಂಥ ಊಟ ಧಾರಾಳವಾಗಿ ಸಿಕ್ಕುತ್ತದೆ, ಅಲ್ಲಿಗೇ ಹೋಗೋಣವೆಂದು ಗಂಡ ಹೇಳಿದನಂತೆ. "ಹೋಟೆಲಿನಲ್ಲಿ ಯಾರಾದರೂ ತಿಥಿ ಮಾಡುತ್ತಾರೆಯೇ ಅಣ್ಣ?" ಎಂದು ಅವಳು ನನ್ನನ್ನು ಕೇಳಿದಳು. ತಿಥಿಯ ಅಡುಗೆಯನ್ನು ಡಬ್ಬಿಗಳಲ್ಲಿ ಮನೆಬಾಗಿಲಿಗೆ ತಂದುಕೊಡುವವರು ಮೈಸೂರಿನಲ್ಲಿ ಈಗ ಇದ್ದಾರೆಂಬ ಸಂಗತಿಯನ್ನು ನಾನು ಹೇಳಲಿಲ್ಲ.

ಶನಿವಾರ ಸಂಜೆ ಮಾಂಸದಂಗಡಿಯಿಂದ ಅದು ಮನೆಗೆ ಬಂದಿತು. ಎರಡು ಎಲುಬಿನ ತುಂಡು, ಎರಡೂವರೆ ಕಿಲೋ ತೂಕ. ಕಾಗದ ಬಿಚ್ಚಿದಾಗ ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಇದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. ತಂಗಿಯ ಗಂಡ ಅದನ್ನು ಗಮನಿಸಿರಬೇಕು. ಬೆಳಿಗ್ಗೆ ತಂದೆಯನ್ನು ಕರೆತರಲು ಹೋಗುವಾಗ ನನ್ನನ್ನೂ ಕರೆದೊಯ್ದು, ದಾರಿಯಲ್ಲಿ ಕರ್ಕ್‌ಸ್ಟಾಲಿನ ಪಾಳುಬಿದ್ದ ಮಠವನ್ನು ತೋರಿಸುವೆನೆಂದು ಸೌಜನ್ಯದಿಂದ ಹೇಳಿದನು. ಹನ್ನೆರಡನೆಯ ಶತಮಾನದ ಆ ಮಠ ನೋಡತಕ್ಕದ್ದೇ. "ಹೋಗಿ ಬಾ ಅಣ್ಣ, ನಿನಗೆ ವಾಸನೆ ಹಿಡಿಸುವುದಿಲ್ಲ" ಎಂದು ತಂಗಿಯೂ ಹೇಳಿದಳು. ಆದರೆ ಹುಟ್ಟಿದ ಮನೆಯಲ್ಲಿ ಈರುಳ್ಳಿಯನ್ನು ಕೂಡ ವಾರ ನೋಡಿ ಹೆಚ್ಚುತ್ತಿದ್ದ ಹುಡುಗಿ ನಾಲ್ಕು ಗಂಟೆಯ ಕಾಲ ಒಬ್ಬಳೇ ಆ ಓವನ್ನಿನ ಮುಂದೆ ನಿಲ್ಲುವುದನ್ನು ನೆನೆದು ನನಗೆ ಮಠ ಬೇಡವೆನಿಸಿತು. ನಾನು ಆಲೂಗೆಡ್ಡೆ ಸುಲಿಯುತ್ತೇನೆಂದು ಹೇಳಿ ಉಳಿದುಕೊಂಡೆ.

ರಾತ್ರಿಯೇ ಅವಳು ಉಪ್ಪು ಸವರಿ, ಮುಚ್ಚದೆ ಶೀತಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಮೊಸರಿನ ಬಟ್ಟಲಿಗೆ ಬೇರೆ ಅರೆ. ಉಪ್ಪು ಮೊದಲು ಮಾಂಸದ ನೀರನ್ನು ಹೊರಗೆಳೆಯುತ್ತದೆ. ಆ ನೀರಿನಲ್ಲಿ ಕರಗಿ ಮರಳಿ ಒಳಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಮೇಲ್ಮೈ ಒಣಗುತ್ತದೆ. ಒಣಗಿದ ಮೇಲ್ಮೈ ಚೆನ್ನಾಗಿ ಕೆಂಪಗಾಗುತ್ತದೆ, ತೇವವಿದ್ದರೆ ಬರಿದೆ ಬೆಂದು ಬಿಳಚಿಕೊಳ್ಳುತ್ತದೆ. ಹೀಗೆ ಕೆಂಪಗಾಗಿ ಕಂಪು ಬಿಡುವ ಕ್ರಿಯೆಯನ್ನು ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ವಿವರಿಸಿದನು. ದೋಸೆಯ ಹೊಂಬಣ್ಣಕ್ಕೂ ಹುರಿದ ಕಾಫಿಬೀಜದ ಬಣ್ಣಕ್ಕೂ ಇದೇ ಕಾರಣ. ಇಷ್ಟನ್ನು ತಂಗಿಯೇ ನನಗೆ ಹೇಳಿದ್ದು. ಅವಳು ರಸಾಯನಶಾಸ್ತ್ರ ಓದಿದವಳು.

ನನಗೆ ತೊಡಕಾದದ್ದು ಶಬ್ದದಲ್ಲಿ. ಈ ಕ್ರಿಯೆಗೆ ಕನ್ನಡದಲ್ಲಿ ಏನೆನ್ನಬೇಕು? ಹುರಿಯುವುದೆಂದರೆ ಬಾಣಲೆ, ಕೈಯಾಡಿಸುವ ಸೌಟು ಬೇಕು. ಸುಡುವುದೆಂದರೆ ಬದನೆಕಾಯಿಯಂತೆ ಕೆಂಡದ ಸಂಗ ಬೇಕು. ಬೇಯಿಸುವುದೆಂದರೆ ನೀರಾದರೂ ಆವಿಯಾದರೂ ಇರಬೇಕು. ಬಿಸಿಗಾಳಿಯ ಪೆಟ್ಟಿಗೆಯೊಳಗೆ ಗಂಟೆಗಟ್ಟಲೆ ಕೂರಿಸುವುದಕ್ಕೆ ನಮ್ಮ ಹಿರಿಯರು ಮಾತು ಕಟ್ಟಲಿಲ್ಲ. ಮಾಂಸದ ಅಡುಗೆ ನಮ್ಮ ನಾಡಿನವರಿಗೆ ತಿಳಿಯದ್ದೆಂದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಮಾಂಸವನ್ನು ಕೆಂಡದ ಮೇಲೆ ಸುಡುವ ವಿಧಾನಗಳು ಬಾಯಲ್ಲಿ ನೀರೂರುವಂತೆ ವರ್ಣಿತವಾಗಿವೆ, ನೀರೂರುವವರಿಗೆ. ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ ಮಂಗರಸನು ಸಸ್ಯಾಹಾರದ ಗಡಿ ದಾಟಲಿಲ್ಲ. ಚಕ್ರವರ್ತಿಯೂ ಕೆಂಡವನ್ನು ಬಲ್ಲನೇ ಹೊರತು ಪೆಟ್ಟಿಗೆಯನ್ನಲ್ಲ.

ಇಂಗ್ಲಿಷರಿಗೂ ಪೆಟ್ಟಿಗೆ ಹಳೆಯದಲ್ಲವೆಂದು ಆಮೇಲೆ ತಿಳಿಯಿತು. ಹಿಂದೆ ಅವರು ಕಬ್ಬಿಣದ ಸಲಾಕೆಗೆ ಮಾಂಸವನ್ನು ಚುಚ್ಚಿ ತೆರೆದ ಉರಿಯ ಮುಂದೆ ತಿರುಗಿಸುತ್ತಿದ್ದರು. ತಿರುಗಿಸಲು ಹುಡುಗರು; ಕೆಲವು ಮನೆಗಳಲ್ಲಿ ನಾಯಿ. ಗೋಡೆಯ ಮೇಲೊಂದು ಚಕ್ರ, ಅದರೊಳಗೆ ಗಿಡ್ಡಕಾಲಿನ ಒಂದು ನಾಯಿ. ಅದು ಓಡಿದಷ್ಟೂ ಸಲಾಕೆ ತಿರುಗುವುದು. ಆ ತಳಿಯ ನಾಯಿಯೊಂದರ ಒಣಗಿಸಿ ತುಂಬಿದ ದೇಹ ವೇಲ್ಸಿನ ಅಬರ್ಗವೆನ್ನಿಯ ವಸ್ತುಸಂಗ್ರಹಾಲಯದಲ್ಲಿದೆಯಂತೆ. ಎದುರಿಗೆ ಬೇಯುವ ಮಾಂಸದ ಘಮಕ್ಕೆ ಓಡುತ್ತಾ, ಎಷ್ಟು ಓಡಿದರೂ ಅದರ ಹತ್ತಿರ ಸೇರದ ಆ ಪ್ರಾಣಿಯನ್ನು ನೆನೆದರೆ ಬಡ್ತಿಗಾಗಿ ಕಾದಿರುವ ಅಧ್ಯಾಪಕರ ನೆನಪು ಬರುತ್ತದೆ.

ಅತ್ತೆಯ ಟಿಪ್ಪಣಿ ಪುಸ್ತಕವೊಂದು ತಂಗಿಯ ಬಳಿ ಇದ್ದಿತು. ಅದರಲ್ಲಿ ಈ ಅಡುಗೆಗೆ ಎರಡೇ ಸಾಲು: ಮೊದಲು ರಸ ಹೊರಬಾರದಂತೆ ಜೋರು ಶಾಖದಲ್ಲಿ ಕೆಂಪು ಮಾಡು, ಆಮೇಲೆ ಪೌಂಡಿಗೆ 20 ನಿಮಿಷ, ಮೇಲೆ 20 ನಿಮಿಷ. ಜೋರು ಶಾಖ ಮಾಂಸದ ಬಾಯಿ ಮುಚ್ಚಿ ರಸವನ್ನು ಒಳಗೇ ಹಿಡಿದಿಡುತ್ತದೆಂಬ ನಂಬಿಕೆಗೆ 1847ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್‌ನ ಹೆಸರಿನ ಬಲ ಸಿಕ್ಕಿತು. ಅದು ನಿಜವಲ್ಲವೆಂದು ಇಪ್ಪತ್ತನೆಯ ಶತಮಾನದಲ್ಲಿ ತೂಗಿ ನೋಡಿದವರು ಕಂಡುಕೊಂಡರು. ಕೆಂಪಗಾದ ಮಾಂಸವೂ ರಸ ಬಿಡುತ್ತದೆ. ಆದರೂ ಆ ಮಾತು ಅಡುಗೆಮನೆಗಳಿಂದ ಹೋಗಿಲ್ಲ. ವಿಜ್ಞಾನಿ ಕೈಬಿಟ್ಟದ್ದನ್ನು ಅಡುಗೆಯವರು ಇನ್ನೂ ಕಾಪಾಡಿಕೊಂಡಿದ್ದಾರೆ.

ಈಗಿನವರ ಕ್ರಮ ಇದರ ತಲೆಕೆಳಗು. ಓವನ್ನನ್ನು 120 ಡಿಗ್ರಿಯ ಮಂದ ಶಾಖದಲ್ಲಿಟ್ಟು, ಮಾಂಸದ ನಡುವಿಗೆ ಉಷ್ಣಮಾಪಕದ ಸೂಜಿ ಚುಚ್ಚಿ, ನಿಧಾನವಾಗಿ ಬೇಯಿಸುವುದು. ಹೊರತೆಗೆದು ವಿಶ್ರಾಂತಿ ಕೊಡುವುದು. ಬಡಿಸುವ ಮುನ್ನ 240 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಮೇಲ್ಮೈ ಕೆಂಪಗಾಗಿಸುವುದು. ಒಳಗೆ 52 ಡಿಗ್ರಿಯಿದ್ದರೆ ಗುಲಾಬಿ ಬಣ್ಣ, 60 ದಾಟಿದರೆ ಅದು ಅಳಿಯತೊಡಗುತ್ತದೆ, 70ಕ್ಕೆ ಪೂರಾ ಬೂದು. ಆ ಕೆಂಪು ನೀರು ರಕ್ತವಲ್ಲವಂತೆ. ಸ್ನಾಯುವಿನಲ್ಲಿ ಪ್ರಾಣವಾಯುವನ್ನು ಹಿಡಿದಿಡುವ ಒಂದು ದ್ರವ್ಯದ ಬಣ್ಣ ಅದು. ಇದು ತಿಳಿದು ನನಗೆ ಸ್ವಲ್ಪ ಉಸಿರು ಬಂದಿತು. ಪುಸ್ತಕಗಳೆಲ್ಲವೂ ಒಂದೇ ಸ್ವರದಲ್ಲಿ 52 ಅಥವಾ 54 ಎನ್ನುತ್ತವೆ. ಅದಕ್ಕಿಂತ ಹೆಚ್ಚಾದರೆ ಇಷ್ಟು ಬೆಲೆಯ ಮಾಂಸ ವ್ಯರ್ಥವೆಂದು ಮರುಗುತ್ತವೆ.

ತಂಗಿ ಯಂತ್ರದಲ್ಲಿ 65 ಎಂದು ಗುರುತು ಮಾಡಿದಳು.

"ಪುಸ್ತಕದಲ್ಲಿ ಬೇರೆ ಇದೆಯಲ್ಲ?" ಎಂದೆ.

"ಮಾವನಿಗೆ ಒಳಗೆ ಕೆಂಪು ಕಂಡರೆ ಸೇರುವುದಿಲ್ಲ. ಅತ್ತೆ ಹೀಗೆಯೇ ಮಾಡುತ್ತಿದ್ದರು. ಇವರಿಗೆ ಕೆಂಪಗಿದ್ದರೆ ಇಷ್ಟ, ಆದರೆ ಇವತ್ತು ಇವರ ದಿನವಲ್ಲ."

ಹದವೆಂಬ ಮಾತನ್ನು ನಾನು ತರಗತಿಯಲ್ಲಿ ಕಾವ್ಯಕ್ಕೂ ಮಣ್ಣಿಗೂ ಪಾಕಕ್ಕೂ ಸಮನಾಗಿ ಬಳಸುತ್ತೇನೆ. ಅದು ಪದಾರ್ಥದಲ್ಲಿದೆಯೆಂದೇ ನನ್ನ ಎಣಿಕೆಯಾಗಿತ್ತು. ಉಣ್ಣುವವನಲ್ಲಿಯೂ ಇರಬಹುದೆಂದು ಆ 65ರ ಅಂಕಿಯನ್ನು ನೋಡುವಾಗ ಹೊಳೆಯಿತು.

ಎಂಟು ಗಂಟೆಗೆ ಒಳಗಿಟ್ಟದ್ದು ಹನ್ನೆರಡರ ಸುಮಾರಿಗೆ ಗುರಿ ಮುಟ್ಟಿತು. ನಡುವೆ ಮನೆಯೆಲ್ಲ ವಾಸನೆ ತುಂಬಿತು. ಅದು ಕೆಟ್ಟ ವಾಸನೆಯೆಂದು ಹೇಳಿದರೆ ಸುಳ್ಳಾಗುತ್ತದೆ, ಒಳ್ಳೆಯದೆಂದು ಹೇಳಲು ನನಗೆ ನಾಲಗೆ ಏಳದು. ಹಿತ್ತಲಿನ ಬಾಗಿಲು ತೆರೆದು ಎರಡು ಸಲ ಹೊರಗೆ ನಿಂತು ಬಂದೆ. ಅಲ್ಲಿಯ ಡಿಸೆಂಬರಿನ ಚಳಿ ಎರಡು ಸಲವೂ ನನ್ನನ್ನು ಒಳಗೆ ಅಟ್ಟಿತು. ಹೊರತೆಗೆದ ಮಾಂಸವನ್ನು ತಂಗಿ ಮುಚ್ಚಿಟ್ಟಳು, ನಮ್ಮಲ್ಲಿ ಗಂಜಿ ಬಸಿದ ಅನ್ನವನ್ನು ಸ್ವಲ್ಪ ಹೊತ್ತು ಮುಚ್ಚಿಡುವಂತೆ. ಕೂಡಲೇ ಕೊಯ್ದರೆ ರಸವೆಲ್ಲ ತಟ್ಟೆಯ ಪಾಲಂತೆ. ಬಿಟ್ಟರೆ ಅದು ಗಟ್ಟಿಯಾಗಿ ಒಳಗೇ ನಿಲ್ಲುತ್ತದೆ.

ಇನ್ನು ಉಳಿದದ್ದು ಗ್ರೇವಿ. ತಟ್ಟೆಯಲ್ಲಿ ಇಳಿದ ರಸಕ್ಕೆ ಹಿಟ್ಟು, ಸಾರು ಬೆರೆಸಿ ಕುದಿಸುವ ಸಾರಿನಂಥ ಪದಾರ್ಥ. ಅದಕ್ಕೆ ಉಪ್ಪು ಸಾಕೋ ಬೇಕೋ ಎಂದು ನೋಡುವವರಾರು? ಗಂಡ ತಂದೆಯನ್ನು ಕರೆತರಲು ಹೋಗಿದ್ದಾನೆ, ಇರುವವರು ನಾವಿಬ್ಬರು. ಅವಳು ಚಮಚವನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತಳು. ನಾನು ಏನೂ ಹೇಳಲಿಲ್ಲ. ಆಮೇಲೆ ಅದನ್ನು ತೊಟ್ಟಿಗೆ ಹಾಕಿ, ತಕ್ಕಡಿಯಲ್ಲಿ ಉಪ್ಪು ತೂಗಿ, ಬೆರೆಸಿ, ಬಗ್ಗಿ ಮೂಸಿ ನೋಡಿದಳು.

"ತಿಥಿಯ ದಿನ ಅಮ್ಮ ಹುಳಿಗೆ ಉಪ್ಪು ಹಾಕಿ ನಾಲಗೆಯ ಮೇಲೆ ಇಟ್ಟು ನೋಡುತ್ತಿದ್ದಳೇನು?" ಎಂದಳು.

ಇಲ್ಲ. ತಿಥಿಯ ದಿನ, ಹಬ್ಬದ ನೈವೇದ್ಯದ ದಿನ, ಅಮ್ಮ ಒದ್ದೆಬಟ್ಟೆಯಲ್ಲಿ ಹತ್ತು ಬಗೆ ಬೇಯಿಸಿ ಒಂದನ್ನೂ ಬಾಯಿಗಿಡದೆ ಬಡಿಸುತ್ತಿದ್ದಳು. ಕುದಿಯುವ ಸದ್ದಿನಿಂದ, ನೊರೆಯ ಬಣ್ಣದಿಂದ, ಆವಿಯ ವಾಸನೆಯಿಂದ ಅವಳಿಗೆ ಉಪ್ಪು ತಿಳಿಯುತ್ತಿತ್ತು. ತಂಗಿ ಆ ಒಲೆಯ ಬದಿಯಲ್ಲಿಯೇ ಕುಳಿತು ಬೆಳೆದವಳು. ಆ ವಿದ್ಯೆ ಇಷ್ಟು ದೂರ ಬಂದು ಇಂಥ ಪಾತ್ರೆಯ ಮೇಲೆ ಪ್ರಯೋಗವಾದೀತೆಂದು ಅಮ್ಮ ಊಹಿಸಿರಲಾರಳು. ಈ ಹೋಲಿಕೆ ಕೆಲವರಿಗೆ ಹಿತವಾಗದೆಂದು ಬಲ್ಲೆ. ಕೇಳಿದ ಕ್ಷಣ ನನಗೂ ಹಿತವಾಗಲಿಲ್ಲ; ಆದರೆ ಅಲ್ಲಗಳೆಯುವ ಮಾತೂ ತೋಚಲಿಲ್ಲ.

ಮಾಂಸದ ಜೊತೆಗೆ ಯಾರ್ಕ್‌ಷೈರ್ ಪುಡಿಂಗ್ ಆಗಬೇಕು. ಹಿಟ್ಟು, ಹಾಲು, ಮೊಟ್ಟೆ ಕಲಸಿ, ಪಡ್ಡಿನ ಹಂಚಿನಂಥ ಗುಳಿಯ ತಟ್ಟೆಯಲ್ಲಿ ಹೊಗೆಯಾಡುವ ಕೊಬ್ಬಿನ ಮೇಲೆ ಹುಯ್ದರೆ ಬುರುಬುರನೆ ಉಬ್ಬುತ್ತದೆ. ಹ್ಯಾನ ಗ್ಲಾಸ್ ಎಂಬಾಕೆಯ 1747ರ ಪಾಕಗ್ರಂಥದಲ್ಲಿ ಇದರ ವಿಧಾನವಿದೆ. ಆಗ ಉರಿಯ ಮುಂದಿನ ಮಾಂಸದ ಕೆಳಗೇ ಹಿಟ್ಟಿನ ತಟ್ಟೆಯಿಟ್ಟು ತೊಟ್ಟಿಕ್ಕುವ ಕೊಬ್ಬನ್ನು ಹಿಡಿಯುತ್ತಿದ್ದರು. ಇದನ್ನು ಮೊದಲೇ ಬಡಿಸಿ ಹೊಟ್ಟೆ ತುಂಬಿಸಿದರೆ ಮಾಂಸ ಉಳಿಯುತ್ತದೆಂಬುದು ಯಾರ್ಕ್‌ಷೈರಿನವರ ಲೆಕ್ಕ. ತಂಗಿ ಎರಡು ತಟ್ಟೆ ಮಾಡಿದಳು: ಒಂದು ಕೊಬ್ಬಿನಲ್ಲಿ, ಇನ್ನೊಂದು ಸೂರ್ಯಕಾಂತಿ ಎಣ್ಣೆಯಲ್ಲಿ. ಮೊಟ್ಟೆಯ ವಿಷಯದಲ್ಲಿ ನಾನು ವಿದ್ಯಾರ್ಥಿನಿಲಯದ ಕಾಲದಲ್ಲಿಯೇ ಸಂಧಾನ ಮಾಡಿಕೊಂಡಿದ್ದೆ.

ಒಂದು ಗಂಟೆಗೆ ಮಾವನವರು ಬಂದು ಕುಳಿತರು. ಕೊಯ್ಯುವುದು ಆ ಮನೆಯಲ್ಲಿ ಹಿರಿಯರ ಕೆಲಸ. ಮಗ ಚಾಕುವನ್ನು ಮುಂದಿಟ್ಟಾಗ ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ನಿಂತು, ಉಕ್ಕಿನ ಕಡ್ಡಿಗೆ ನಾಲ್ಕು ಸಲ ಮಸೆದು, ಎಲುಬನ್ನು ಬಿಡಿಸಿ, ಹೋಳುಗಳನ್ನು ತೆಗೆದರು. ಒಳಗೆ ಕೆಂಪು ಇರಲಿಲ್ಲ. ಮಗ ತಟ್ಟೆಯನ್ನು ನೋಡಿ ತಾಯಿಯ ಪುಸ್ತಕವನ್ನು ಓದಿದವನಂತೆ ಮುಗುಳ್ನಕ್ಕನು, ಬಾಯಿ ಬಿಡಲಿಲ್ಲ. ನನ್ನ ತಟ್ಟೆಯಲ್ಲಿ ಆಲೂಗೆಡ್ಡೆ, ಕ್ಯಾರೆಟ್ಟು, ಸಾಸಿವೆಯ ಬಳಗಕ್ಕೆ ಸೇರಿದ ಬಿಳಿಯ ಬೇರೊಂದರ ಗೊಜ್ಜು. ನೆತ್ತಿಗೆ ಏರುವ ಅದರ ಖಾರ ನಮ್ಮ ಕಡೆಯವರು ಕಲಿಯಲೇಬೇಕಾದದ್ದು.

ಮುದುಕರು ಮೊದಲ ಹೋಳನ್ನು ನಿಧಾನವಾಗಿ ಮುಗಿಸಿದರು. "ಅವಳದು ಇದಕ್ಕಿಂತ ಒಣಗಿರುತ್ತಿತ್ತು" ಎಂದರು. ಮೇಜಿನ ಸುತ್ತ ಯಾರೂ ಉಸಿರೆತ್ತಲಿಲ್ಲ. ಅವರು ತಟ್ಟೆಯನ್ನು ಮುಂದಕ್ಕೆ ಚಾಚಿ ಇನ್ನೆರಡು ಹೋಳು ಹಾಕಿಸಿಕೊಂಡು, ಮೇಲೆ ಗ್ರೇವಿ ಹುಯ್ಯಿಸಿಕೊಂಡರು. ಆಮೇಲೆ ಎಣ್ಣೆಯ ಪುಡಿಂಗಿನ ಬಟ್ಟಲು ಯಾವುದೆಂದು ಸೊಸೆಯನ್ನು ಕೇಳಿ ತಿಳಿದು, ತಾವೇ ಅದನ್ನು ನನ್ನ ಕಡೆಗೆ ಸರಿಸಿದರು.

ಮೂರು ಗಂಟೆಗೆ, ಮೈಸೂರಿನ ರಾತ್ರಿ ಎಂಟೂವರೆಗೆ, ಅಮ್ಮನ ಫೋನು ಬಂದಿತು. ಆ ಮನೆಯಲ್ಲಿ ಅಂದು ವರ್ಷದ ಕಾರ್ಯವೆಂದು ಅವಳಿಗೆ ತಿಳಿದಿತ್ತು. ಏನು ಅಡುಗೆಯೆಂದು ಅವಳು ಯಾವ ದಿನವೂ ಕೇಳಿದವಳಲ್ಲ. "ಅವರದ್ದೆಲ್ಲ ನೀನೇ ಮಾಡಿದೆಯಾ?" ಎಂದಳು. ತಂಗಿ ಹೂಂಗುಟ್ಟಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಉಪ್ಪು ಸರಿಯಾಗಿತ್ತಂತೇನೇ?" ಎಂದಳು ಅಮ್ಮ.

"ಮಾವ ಎರಡನೆಯ ಸಲ ಹಾಕಿಸಿಕೊಂಡರಮ್ಮ."

"ಹಾಗಾದರೆ ಸರಿ. ಅಣ್ಣನ ಕೈಗೆ ಕೊಡು, ಅವನ ವಿಮಾನ ಯಾವ ಹೊತ್ತಿಗೆ ಬರುತ್ತದೆ ಅಂತ ಕೇಳಬೇಕು."